ಬಾಯಿ ಕೂಡಿತು ಎಂದ ಅಪ್ಪನಿಗೆ

ಅಪ್ಪಾ,

ನೀನು ಸತ್ತಾಗ ನಾನು ಅಳಲಿಲ್ಲ, ಊರೆಲ್ಲ ನೋಡಿತು. ಇವತ್ತೂ ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ.

ಅನಗವಾಡಿಯ ಹೊಳೆದಂಡೆಯಲ್ಲಿ ನೀನು ಕುರಿಯ ತುಟಿ ಸರಿಸಿ ವಯಸ್ಸು ಹೇಳುತ್ತಿದ್ದದ್ದು ನೆನಪಿದೆ. ಕೆಳಗಿನ ಹಾಲುಹಲ್ಲು ನಡುವಿನಿಂದ ಜೋಡಿ ಜೋಡಿಯಾಗಿ ಬಿದ್ದು ಅಗಲವಾದ ಹಲ್ಲು ಬರುತ್ತವೆ. ಎರಡು, ನಾಲ್ಕು, ಆರು. ಎಂಟಾದರೆ ಬಾಯಿ ಕೂಡಿತು, ಕುರಿ ಪೂರ್ತಿ ಬೆಳೆಯಿತು. ಸಂತೆಯಲ್ಲಿ ನಿನ್ನ ಮಾತಿಗೆ ಎದುರಿರಲಿಲ್ಲ. ಆ ಜಂಬವೇ ನನ್ನನ್ನು ಹಾಳುಮಾಡಿತು.

ಬೀರಪ್ಪನ ಗುಡಿಕಟ್ಟೆಯ ಮೇಲೆ ನನ್ನನ್ನು ನೋಡಲು ಬೀಗರು ಕೂತಿದ್ದರು. "ಹುಡುಗಿ ವಯಸ್ಸೆಷ್ಟ್ರಿ?" ಎಂದರು. ನಾನು ಹುಟ್ಟಿದ ವರ್ಷ ನಿನಗೆಲ್ಲಿ ಗೊತ್ತಿತ್ತು? ನೀನು ನನ್ನ ಗದ್ದ ಹಿಡಿದು ಬಾಯಿ ತೆರೆಸಿ, ಹಿಂದೆ ಹೊಸದಾಗಿ ಮೂಡಿದ್ದ ದವಡೆಹಲ್ಲಿನ ಮೇಲೆ ಬೆರಳಾಡಿಸಿ, "ಬಾಯಿ ಕೂಡೇತಿ ನೋಡ್ರಿ, ಇನ್ನೇನ್ ಬೇಕು?" ಎಂದೆ. ಎಲ್ಲರೂ ನಕ್ಕರು. ನಿನ್ನ ಬೆರಳಿಗೆ ಉಣ್ಣೆಯ ವಾಸನೆಯಿತ್ತು. ಆಗಲೇ ಕಚ್ಚಿಬಿಟ್ಟಿದ್ದರೆ... ಸಾಲಿಯ ಚೀಲ ಮೂಲೆ ಸೇರಿತು, ಆ ಬೇಸಿಗೆಗೇ ತಲೆಯ ಮೇಲೆ ಮದುವೆಯ ಅಕ್ಕಿಕಾಳು ಬಿತ್ತು.

ಮೊನ್ನೆ ದವಡೆ ನೋವೆಂದು ಜಮಖಂಡಿಗೆ ಹೋದಾಗ ಹಲ್ಲಿನ ಡಾಕ್ಟರಮ್ಮನಿಗೆ ಇದನ್ನೆಲ್ಲ ಹೇಳಿದೆ. ಆಕೆ ನಗಲಿಲ್ಲ. "ಆ ಹಲ್ಲು ಹನ್ನೆರಡು ಹದಿಮೂರಕ್ಕ ಬರ್ತಾವ್ರೀ. ಹಾಲುಹಲ್ಲು ಬಿದ್ದ ಜಾಗಾದಾಗಲ್ಲ, ದವಡಿ ಬೆಳದಂಗ ಹಿಂದ ಹೊಸಾ ಜಾಗಾದಾಗ. ಕಡೀ ಹಲ್ಲಂತೂ ಹದಿನೇಳು ಹದಿನೆಂಟರ ಮ್ಯಾಲ. ನಿಮಗ ಈಗ ನೋಯಾಕತ್ತಿದ್ದು ಅದ" ಎಂದಳು. ಅಂದರೆ ಅವತ್ತು ನನ್ನ ದವಡೆ ಇನ್ನೂ ಬೆಳೆಯುತ್ತಿತ್ತು. ಅಷ್ಟು ಕುರಿಗಳ ಬಾಯಿ ನೋಡಿದವನಿಗೆ ಮಗಳು ಕುರಿಯಲ್ಲ ಎಂಬುದು ಹೊಳೆಯಲಿಲ್ಲವೇ?

ನಿನ್ನೆ ನಿನ್ನ ತಮ್ಮ ಬಂದಿದ್ದ, ನನ್ನ ಮಗಳಿಗೆ ಗಂಡು ತಂದು. ಆಕೆ ಇನ್ನೂ ಎಂಟನೇ ತರಗತಿ. "ನಿಮ್ಮಪ್ಪ ಇದ್ದಿದ್ರ ಬಾಯಿ ನೋಡೇ ಹೇಳ್ತಿದ್ದ" ಎನ್ನುತ್ತ ಆಕೆಯ ಗದ್ದಕ್ಕೆ ಕೈ ಹಾಕಿದ. ನಾನು ಆ ಕೈಯನ್ನು ಹಿಡಿದು ಪಕ್ಕಕ್ಕೆ ತಳ್ಳಿದೆ.

"ಕಾಕಾ, ಮೊದಲ ನಿನ್ನ ಬಾಯಿ ತಗಿ. ಹಲ್ಲುದುರಿದ ಕುರಿ ನಮ್ಮಪ್ಪ ಯಾರಿಗೆ ಕೊಡ್ತಿದ್ದ, ನೆನಪೈತೇನು?"

ಕಟುಕನಿಗೆ ಎಂಬುದು ಅವನಿಗೂ ಗೊತ್ತು. ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋದ.

ನಿನ್ನ ಮೊಮ್ಮಗಳ ಕಡೇ ಹಲ್ಲು ಬರುವತನಕ ಈ ಮನೆಯಲ್ಲಿ ಮದುವೆಯ ಮಾತಿಲ್ಲ. ಕೆಲವರಿಗೆ ಅದು ಬರುವುದೇ ಇಲ್ಲವಂತೆ. ಬರದಿದ್ದರೆ ಬೇಡ ಬಿಡು, ನಮಗೇನೂ ಅವಸರವಿಲ್ಲ.