ಮೇಲಿನ ಕಣಿವೆಯ ಹನ್ನೊಂದು ಮನೆಗಳು

ಅಪ್ಪಾ,

ನೀನು ಮಣ್ಣಾಗಿ ಆರು ವರ್ಷವಾದರೂ ಇದನ್ನು ನಿನಗೇ ಹೇಳಬೇಕು. ಇಂದು ಎಸ್ಟೇಟಿನ ಚರಿತ್ರೆ ಬರೆಯುವ ಹೆಂಗಸು ಮನೆಗೆ ಬಂದಿದ್ದಳು. ಪಕ್ಕದಲ್ಲೇ ಮ್ಯಾನೇಜರ್ ಗಿಲ್‌ಕ್ರಿಸ್ಟ್ ಕೂತಿದ್ದ.

"ಮೇಲಿನ ಕಣಿವೇಲಿ ಮುಂಚೆ ಯಾರಿದ್ರು, ಮೊರಾಗ್?" ಎಂದು ಆಕೆ ಕೇಳಿದಳು.

"ಕುರಿಗಳ ಹೆಸರು ಕೇಳಿ, ಹೇಳ್ತಾಳೆ," ಎಂದು ಗಿಲ್‌ಕ್ರಿಸ್ಟ್ ನಕ್ಕ.

ಕುರಿ ಮೇಯಿಸಲೆಂದು ಎಸ್ಟೇಟಿನ ಹಿಂದಿನ ದೊರೆ ಜನರನ್ನು ಓಡಿಸಿ ಸುಟ್ಟುಹಾಕಿದ ಅಲ್ಲಿನ ಹನ್ನೊಂದು ಮನೆಗಳ ಹೆಸರನ್ನು ನೀನು ನನಗೆ ಕೀರ್ತನೆಯಂತೆ ಬಾಯಿಪಾಠ ಮಾಡಿಸಿದ್ದೆ. ನನ್ನ ಗಂಡ ಈ ಎಸ್ಟೇಟಿನ ಕಾಡು ಕಾಯುವವನು. ಕೆಲಸ ಹೋದರೆ ಮನೆಯೂ ಹೋಗುತ್ತದೆ.

"ಬರೀ ಕುರಿ ಮೇಡಂ, ಜನ ಯಾರೂ ಇರ್ಲಿಲ್ಲ," ಎಂದೆ. ಆಕೆ ಹಾಗೆಯೇ ಬರೆದುಕೊಂಡಳು.

ಈ ಭಾನುವಾರ ಚರ್ಚಿನಲ್ಲಿ ಪ್ರಭುಭೋಜನ, ರೊಟ್ಟಿ ದ್ರಾಕ್ಷಾರಸ ಕೊಡುವ ದಿನ; ಸುಳ್ಳು ಹೇಳಿದ ಬಾಯಿಂದ ಅದನ್ನು ಮುಟ್ಟಲಾರೆ. ಎಲ್ಲರೂ ಮೇಜಿನತ್ತ ಎದ್ದಾಗ ನಾನು ಬೆಂಚಿನಲ್ಲೇ ಕೂತಿರುತ್ತೇನೆ. ಪಾದ್ರಿ ಕಾರಣ ಕೇಳುತ್ತಾರೆ. ಅವರಿರುವ ಮನೆಯೂ ಎಸ್ಟೇಟಿನದೇ, ಅಪ್ಪಾ.