ಆರು ಹಗ್ಗ ಮತ್ತು ಚಿಲ್ಲರೆ

ಮರಳವಾಡಿ
೨೧ ಜನವರಿ ೨೦೦೭

ಮಮತಾಳಿಗೆ,

ಬರೆಯುತ್ತಿರುವವಳು ನಿನ್ನ ತಾಯಿ ಗಂಗಲಕ್ಷ್ಮಮ್ಮ. ಆರು ಮನೆಗಳ ನಮ್ಮ ಕುಟುಂಬಕ್ಕೆ ಈಗ ಹಿರಿಯಳು, ಆ ಕಾಲಕ್ಕೇ ಹೈಸ್ಕೂಲು ಮುಗಿಸಿದವಳು. ನೀನು ಬೊಂಬೆ ಕಡೆಯುವ ಗಫಾರನ ಕೈಹಿಡಿದು ಚನ್ನಪಟ್ಟಣ ಸೇರಿದ ಮೇಲೆ ಈ ಮನೆಯಲ್ಲಿ ನಿನ್ನ ಹೆಸರೆತ್ತಬಾರದು ಎಂದವಳೂ ನಾನೇ. ಕ್ಷಮೆ ಕೇಳಲು ಬರೆಯುತ್ತಿಲ್ಲ. ನಿನಗೆ ತಿಳಿಸಬೇಕಾದ ವ್ಯವಹಾರ ಒಂದಿದೆ.

ನಮ್ಮ ಕಣದಲ್ಲಿ ಈಗ ಒಕ್ಕಣೆ ಇಲ್ಲ. ರಾಗಿ ತೆನೆಯನ್ನು ಟಾರು ರಸ್ತೆಗೆ ಹಾಸುತ್ತಾರೆ, ಹಾರೋಹಳ್ಳಿ ಕಾರ್ಖಾನೆಗಳ ಲಾರಿಗಳು ತುಳಿದುಕೊಂಡು ಹೋಗುತ್ತವೆ. ಕಾರ್ಖಾನೆ ಕೆಲಸದವರಿಗೆ ಬಾಡಿಗೆ ಕೋಣೆ ಕಟ್ಟಲು ಕಣವನ್ನೇ ಹಂಚಿಕೊಳ್ಳೋಣವೆಂದು ನಿನ್ನ ಚಿಕ್ಕಪ್ಪ ಮುನಿಶಾಮಯ್ಯ ಆರು ಮನೆಯವರನ್ನೂ ಕರೆದ.

ಪದ್ಧತಿ ನಿನಗೆ ಗೊತ್ತು. ದುಂಡು ಕಣದ ನಡುವಿನ ಮೇಟಿಕಂಬದಿಂದ ಅಂಚಿನವರೆಗಿನ ಹಗ್ಗವೇ ಅಳತೆ. ಅಂಚಿನಲ್ಲಿ ಮನೆಗೊಂದು ಹಗ್ಗ. ಒಕ್ಕಣೆಗೆ ಜಾಗ ಹಂಚುವಾಗ ನಿಮ್ಮಪ್ಪ ಗೂಟದಿಂದ ಗೂಟಕ್ಕೆ ಬಿಗಿಯಾಗಿ ಎಳೆಯುತ್ತಿದ್ದರು, ಸರಿಯಾಗಿ ಆರು ಬರುತ್ತಿತ್ತು. ಮುನಿಶಾಮಯ್ಯ ಗೂಟ ಬೇಡವೆಂದ. "ಅಂಚು ಹೆಂಗ್ ಬಾಗೈತೋ ಹಂಗೇ ಹಗ್ಗ ಹಾಸ್ರಿ. ಮನೆಗೊಂದ್ ಹಗ್ಗ, ಅದ್ರ ಮ್ಯಾಲೆ ಒಂದ್ ಗೇಣೂ ಯಾರ್ಗೂ ಇಲ್ಲ," ಎಂದು ಎಲ್ಲರೆದುರು ಹೇಳಿದ. ಹಾಸಿದರು. ಆರು ಹಗ್ಗ ಮುಗಿದ ಮೇಲೂ ಮೂರು ಮೊಳಕ್ಕಿಂತ ಹೆಚ್ಚು ಅಂಚು ಉಳಿಯಿತು.

"ಇಷ್ಟ್ ವರ್ಸ ಈ ತುಂಡ ಅಣ್ಣಯ್ಯ ನುಂಗ್ಕೊಂಡಿದ್ನಾ ಅತ್ಗೆಮ್ಮ?" ಎಂದು ನಕ್ಕ. ಸತ್ತವರ ಮೇಲೆ ಆಡಿದ ಮಾತಿಗೆ ಮೈ ಉರಿಯಿತು. ಪಿಯುಸಿ ಓದುವಾಗ ನೀನು ಇದೇ ಅಂಚಿಗೆ ಹಗ್ಗ ಹಾಸಿ ಹೇಳಿದ್ದು ನೆನಪಾಯಿತು. ಹಗ್ಗದುದ್ದದ ಅಂಚು ಮೇಟಿಯ ಹತ್ತಿರ ಮಾಡುವ ಕೋನವೇ ಒಂದು ರೇಡಿಯನ್. ಅರ್ಧ ಸುತ್ತಿಗೆ ಪೈ ರೇಡಿಯನ್, ಅಂದರೆ ಮೂರೂ ಚಿಲ್ಲರೆ. ಪೂರ್ತಿ ಸುತ್ತಿಗೆ ಅದರ ಎರಡರಷ್ಟು, ಆರೂ ಚಿಲ್ಲರೆ. ಕಣ ಊರಗಲವಿರಲಿ, ಬೀಸುವ ಕಲ್ಲಿನಷ್ಟಿರಲಿ, ಲೆಕ್ಕ ಅದೇ. ಅಂದು ಕೆಲಸ ನೋಡು ಹೋಗು ಎಂದು ಗದರಿದ್ದೆ. ಈಗ ಅದನ್ನೇ ನಾನು ನಿಂತು ಹೇಳಿದೆ. ಬಿಗಿದ ಹಗ್ಗ ಅಂಚನ್ನು ಬಳಸದೆ ಅಡ್ಡ ಹಾಯುತ್ತದೆ, ಅದಕ್ಕೇ ಆರು. ಯಾರೂ ಯಾರದನ್ನೂ ನುಂಗಿಲ್ಲ ಎಂದೆ.

"ಹಂಗಾರೆ ಗೂಟಾನೇ ಹೊಡೀರ್ಲಾ," ಎಂದ.

"ಒಂದ್ ಗೇಣೂ ಯಾರ್ಗೂ ಇಲ್ಲ ಅಂದೋನು ನೀನೇ ಕಣಪ್ಪ. ಉಳಿದದ್ದು ನನ್ ಮಗಳ್ದು," ಎಂದೆ.

"ಮನೆ ಬುಟ್ಟು ಹೋದೋಳ್ಗಾ?"

ಹೌದು, ಅವಳಿಗೇ ಎಂದೆ. ನಿನ್ನ ಅಣ್ಣ ಲೋಕೇಶ ಎದ್ದು ಹೋದ. ಅಂದಿನಿಂದ ಅವನೂ ಅವನ ಹೆಂಡತಿಯೂ ನನ್ನೊಡನೆ ಮಾತು ಬಿಟ್ಟಿದ್ದಾರೆ. ತಟ್ಟೆ ತಂದಿಡುತ್ತಾರೆ, ಒಳಗೆ ಹೋಗುತ್ತಾರೆ. ಅವರ ನಗು ಗೋಡೆಯಾಚೆಯಿಂದ ಕೇಳುತ್ತದೆ. ಇರಲಿ.

ನಿನ್ನೆ ಉಳಿದ ಆ ತುಂಡಿನ ಎರಡೂ ತುದಿಯಿಂದ ಮೇಟಿಯವರೆಗೆ ಎರಡು ಗೆರೆ ಎಳೆಸಿ ಕಲ್ಲು ನೆಡಿಸಿದೆ. ಕಲ್ಲಿನ ಮೇಲೆ ನಿನ್ನ ಹೆಸರು ಕೆತ್ತಿಸಿಯಾಗಿದೆ.

ನಿನ್ನ ತಾಯಿ
ಗಂಗಲಕ್ಷ್ಮಮ್ಮ

ಮರೆತಿದ್ದೆ: ಪೈಯ ಚಿಲ್ಲರೆಗೆ ಕೊನೆಯೇ ಇಲ್ಲ ಎಂದೂ ನೀನು ಅಂದು ಹೇಳಿದ್ದೆ. ಅದು ಹೇಗೆಂದು ನನಗಿನ್ನೂ ತಿಳಿದಿಲ್ಲ. ಕಾಗದದಲ್ಲಿ ಬರೆದರೆ ತಿಳಿಯುವುದಿಲ್ಲ, ಎದುರಿಗೆ ಕೂತು ಹೇಳಬೇಕು. ಒಬ್ಬಳೇ ಬರಬೇಕೆಂದು ನಾನೇನೂ ಹೇಳುತ್ತಿಲ್ಲ.