ಮರಿಗೆ ತಿನ್ನಿಸಿದ ಬಂಗಾರದ ಹಣ್ಣು

ಜುಲೈ 17, ಗುರುವಾರ. ಹೊಸಮನೆ.

ಇವತ್ತು ನಫಿಲ್ ರೋಜಾ, ಕಡ್ಡಾಯವಲ್ಲದ ಉಪವಾಸ. ಅಂಗಳ ಗುಡಿಸಿ, ನೀರು ತುಂಬಿಸಿ, ಮಗಳು ಸಿದ್ರಾಳ ಮೊಬೈಲ್ ಆಟದ ಪ್ರಾಣಿಗಳಿಗೆ ತರಬೇತಿ ಕೊಡಲು ಕೂತೆ. ಅವಳು ಎಂಟು ತಿಂಗಳ ಬಸುರಿ, ಬಿಪಿ ಜಾಸ್ತಿ. ಭದ್ರಾವತಿಯಲ್ಲಿ ಮಲಗಿಯೇ ಇರಬೇಕು, ಮೊಬೈಲ್ ಹೆಚ್ಚು ನೋಡಬಾರದು ಎಂದು ಡಾಕ್ಟರ್ ಹೇಳಿದ್ದರಿಂದ ಆಟವನ್ನು ನನಗೆ ಒಪ್ಪಿಸಿದ್ದಾಳೆ.

ನಿನ್ನೆ ಫೋನಿನಲ್ಲಿ ಅಂದಳು, "ಅಮ್ಮಿ, ಬಂಗಾರದ ಹಣ್ಣು ಸಿಕ್ಕಿದೆ! ವರ್ಷಕ್ಕೊಂದು ಸಿಕ್ಕಿದ್ರೆ ಹೆಚ್ಚು. ತಿಂದ ಪ್ರಾಣಿಗೆ ಒಂದೇ ಸಲಕ್ಕೆ ಪೂರ್ತಿ ಶಕ್ತಿ ಬರುತ್ತೆ. ನಾಳೆ ತಿನ್ನಿಸಿಬಿಡು."

ಯಾವುದಕ್ಕೆಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ನಮ್ಮಲ್ಲಿ ಮೊದಲ ತುತ್ತು ಚಿಕ್ಕವರಿಗೆ. ಬಿಸ್ಮಿಲ್ಲಾ ಎಂದು ಎಲ್ಲಕ್ಕಿಂತ ಸಣ್ಣ ಮರಿಗೆ ತಿನ್ನಿಸಿ, ಅವಳಿಗೆ ಮೆಸೇಜ್ ಹಾಕಿದೆ.

"ಅಯ್ಯೋ ಅಮ್ಮಿ, ಪಂದ್ಯಕ್ಕೆ ಹೋಗೋ ಹುಲಿಗೆ ಕೊಡಬೇಕಿತ್ತು!" ಎಂದು ಬಂತು. ಮಧ್ಯಾಹ್ನದಿಂದ ಫೋನ್ ಎತ್ತುತ್ತಿಲ್ಲ. ಅಳಿಯ ಮುಸ್ತಕೀಮನದು ಸ್ವಿಚ್ ಆಫ್. ಆ ಸಂಕಟಕ್ಕೆ ಬಿಪಿ ಏರಿತೇ? ಆಸ್ಪತ್ರೆಗೆ ಒಯ್ದರೇ? ಸಂಜೆ ಇಫ್ತಾರಿಗೆ ಒಂದು ಖರ್ಜೂರ ಬಾಯಿಗೆ ಹಾಕಿ ಮತ್ತೆ ಇಬ್ಬರಿಗೂ ಫೋನ್ ಹಚ್ಚಿದೆ.

"ಆಟಕ್ಕೆ ಯಾರಿಗಾದ್ರೂ ಬಿಪಿ ಏರುತ್ತಾ ಮಾರಾಯ್ತಿ? ಚಾರ್ಜ್ ಹೋಗಿರುತ್ತೆ, ಮಲಕ್ಕೊ," ಎಂದು ಇವರು ನಕ್ಕು ಮಲಗಿದರು. ಯಾ ಅಲ್ಲಾಹ್, ತಾಯಿ ಮಗು ಇಬ್ಬರನ್ನೂ ಕಾಪಾಡು.

ಬೆಳಿಗ್ಗೆ ಇವರ ಲಾರಿ ಭದ್ರಾವತಿಗೇ ಹೋಗುವುದು. ಎದ್ದ ಕೂಡಲೇ ಹೇಳಬೇಕು: ರೀ, ಮೊದಲು ಅವಳ ಬಾಗಿಲು ತಟ್ಟಿ. ಅವಳು ಬೈದರೆ ಆ ಬೈಗುಳವನ್ನೇ ನನಗೆ ತಂದುಕೊಡಿ.